ಹನ್ನಳ ಕಣ್ಣೀರು, ಏಲಿಯ ತಪ್ಪು

ಮೂಲ ವಾಕ್ಯ: 1 ಸಮುವೇಲನು 1:1–18

ಈ ಮಳೆಯಲ್ಲೂ ಭಟ್ಕಳ, ಹೊನ್ನಾವರ, ಕುಮಟಾದಿಂದ ಬಂದಿದ್ದೀರಿ. ಬೆಂಗಳೂರು, ಮಂಗಳೂರಿನ ಪಿಜಿ ರೂಮಿನಲ್ಲಿ ಕೂತು ಮೊಬೈಲಲ್ಲಿ ಕೇಳ್ತಾ ಇರೋ ನಮ್ಮ ಯುವಜನರೂ ಇದ್ದೀರಿ. ದೇವರಿಗೆ ಸ್ತೋತ್ರ.

ಇವತ್ತಿನ ಸಂದೇಶ ಮುಖ್ಯವಾಗಿ ನಮ್ಮ ಸಹೋದರಿಯರಿಗೆ. ಆದರೆ ಸಹೋದರರೇ, ನೀವು ಮೊಬೈಲ್ ತೆಗೀಬೇಡಿ. ಯಾಕಂದ್ರೆ ಈ ಅಧ್ಯಾಯದಲ್ಲಿ ಎಡವಿದವರು ಇಬ್ಬರು ಗಂಡಸರು. ಒಬ್ಬ ಗಂಡ, ಇನ್ನೊಬ್ಬ ಯಾಜಕ. ಸತ್ಯವೇದ ತೆರೆದು ಹದಿನೆಂಟು ವಚನಗಳನ್ನೂ ಒಮ್ಮೆ ಓದಿಕೊಳ್ಳಿ.

1. ಹನ್ನಳಿಗೆ ಏನಾಗಿತ್ತು?

ಹನ್ನಳಿಗೆ ಮಕ್ಕಳಿರಲಿಲ್ಲ. ಅದೇ ಮನೆಯಲ್ಲಿದ್ದ ಪೆನಿನ್ನಳಿಗೆ ಮಕ್ಕಳಿದ್ದರು, ಅವಳು ಹನ್ನಳನ್ನು ಬೇಕಂತಲೇ ಕೆಣಕುತ್ತಿದ್ದಳು. ಒಂದು ದಿನ ಅಲ್ಲ, ವರ್ಷ ವರ್ಷವೂ, ಅದೂ ದೇವಾಲಯಕ್ಕೆ ಹೋಗುವಾಗಲೇ. ಏಳನೇ ವಚನ ಗಮನಿಸಿ: ಅವಳು ಅಳುತ್ತಿದ್ದಳು, ಊಟ ಮಾಡುತ್ತಿರಲಿಲ್ಲ. ಊಟ ಸೇರದಿರುವುದು, ಅಳು ನಿಲ್ಲದಿರುವುದು, ಮನಸ್ಸೆಲ್ಲ ಕಹಿಯಾಗಿರುವುದು. ಮೂರು ಸಾವಿರ ವರ್ಷದ ಹಿಂದೆ ಬದುಕಿದವಳ ಬಗ್ಗೆ ಸತ್ಯವೇದ ಇಷ್ಟು ವಿವರ ಬರೆದಿಟ್ಟಿದೆ. ದೇವರು ಇದನ್ನೆಲ್ಲ ಗಮನಿಸ್ತಾನೆ ಅಂತ ನಮಗೆ ಗೊತ್ತಾಗಬೇಕು, ಅದಕ್ಕೇ.

ಇವತ್ತಿನ ಪೆನಿನ್ನ ಮನೆಯೊಳಗೇ ಇರಬೇಕಂತಿಲ್ಲ. ಮದುವೆ ಮನೆಯಲ್ಲಿ "ಇನ್ನೂ ಎಂತಕ್ಕೆ ಆಗ್ಲಿಲ್ಲ?" ಅಂತ ಕೇಳೋ ಸಂಬಂಧಿ ಇರಬಹುದು. ಜೊತೆಗೆ ಓದಿದವಳ ವಾಟ್ಸಾಪ್ ಸ್ಟೇಟಸ್ಸಿನ ಸೀಮಂತದ ಫೋಟೋ ಇರಬಹುದು. ಬೆಂಗಳೂರಿನಲ್ಲಿ ಕೆಲಸ ಹೋಗಿದೆ, ಮನೆಗೆ ಹೇಳಿಲ್ಲ, ಪ್ರತಿ ಸಂಜೆ ಫೋನಲ್ಲಿ "ಆರಾಮ್ ಇದ್ದೆ ಅಮ್ಮ" ಅಂತ ಹೇಳಿ ಆಮೇಲೆ ಬಾತ್‌ರೂಮಲ್ಲಿ ನಲ್ಲಿ ಬಿಟ್ಟು ಅಳೋ ತಂಗಿಯರೂ ನಮ್ಮಲ್ಲಿದ್ದಾರೆ. ಮನೆಯವರ ವಿರೋಧದ ನಡುವೆ ಒಬ್ಬಳೇ ಸಭೆಗೆ ಬರೋ ತಂಗಿಯರಿದ್ದಾರೆ.

ಎಲ್ಕಾನ ಒಳ್ಳೆ ಗಂಡ. ಹೆಂಡತಿಯನ್ನು ಪ್ರೀತಿಸ್ತಾನೆ, ಅವಳ ಪಾಲನ್ನು ಬೇರೆಯಾಗಿಯೇ ಕೊಡ್ತಾನೆ. ಆದರೆ ಎಂಟನೇ ವಚನದಲ್ಲಿ ಅವನ ಸಮಾಧಾನ ನೋಡಿ: ನಾನು ನಿನಗೆ ಹತ್ತು ಗಂಡುಮಕ್ಕಳಿಗಿಂತ ಹೆಚ್ಚಲ್ಲವಾ ಅಂತ ಕೇಳ್ತಾನೆ. ಅವಳ ದುಃಖದ ಮಾತು ಅವನ ಬಗ್ಗೆಯ ಮಾತಾಗಿ ಹೋಯ್ತು. ಹನ್ನ ಅದಕ್ಕೆ ಉತ್ತರ ಕೊಟ್ಟ ಹಾಗೆ ಬರೆದಿಲ್ಲ. ಸಹೋದರರೇ, ಹೆಂಡತಿ ಉತ್ತರ ಕೊಡದೆ ಸುಮ್ಮನಾದ್ರೆ ಸಮಾಧಾನ ಆಯ್ತು ಅಂತ ತಿಳೀಬೇಡಿ.

2. ಏಲಿ ನೋಡಿದ, ಕೇಳಲಿಲ್ಲ

ಹನ್ನ ಶೀಲೋವಿನಲ್ಲಿ ಪ್ರಾರ್ಥನೆಗೆ ನಿಂತಳು. ತುಟಿ ಮಾತ್ರ ಅಲುಗುತ್ತಿದೆ, ಧ್ವನಿ ಇಲ್ಲ. ಯಾಜಕನಾದ ಏಲಿ ಬಾಗಿಲ ಹತ್ತಿರ ಕೂತು ಅವಳ ಬಾಯನ್ನೇ ನೋಡ್ತಾ ಇದ್ದ. ನೋಡಿ, ಕುಡಿದಿದ್ದಾಳೆ ಅಂತ ತೀರ್ಮಾನ ಮಾಡಿದ, ಗದರಿಸಿದ. ದೇವರ ಮನೆಯಲ್ಲಿ, ದೇವರ ಸೇವಕನಿಂದಲೇ ಅವಳಿಗೆ ಆ ಮಾತು ಬಂತು.

ಪ್ರಿಯರೇ, ಇಲ್ಲಿ ನಾನು ಒಂದು ಅರಿಕೆ ಮಾಡಬೇಕು. ಆ ಸಹೋದರಿಯ ಒಪ್ಪಿಗೆ ಕೇಳಿಯೇ ಇದನ್ನು ಹೇಳ್ತಾ ಇದ್ದೇನೆ.

ನಾನು ಸೇವೆ ಶುರು ಮಾಡಿದ ಹೊಸತು. ಹೊನ್ನಾವರದ ಕಡೆಯ ಒಂದು ಮನೆಗೆ ಪ್ರಾರ್ಥನೆಗೆ ಕರೆದರು. ಜುಲೈ ತಿಂಗಳು. ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಬೋಟು ಕಡಲಿಗೆ ಇಳಿಯೋ ಹಾಗಿಲ್ಲ, ನಿಮಗೆ ಗೊತ್ತು. ಗಂಡ ಬೋಟಿಗೆ ಹೋಗುವವನು, ದುಡಿಮೆ ಇಲ್ಲ. ಸಂಘದ ಸಾಲದ ಕಂತು ಮಾತ್ರ ವಾರಕ್ಕೊಮ್ಮೆ ಬರ್ತದೆ. ಆ ತಂಗಿ ಎರಡೂವರೆ ತಿಂಗಳ ಬಾಣಂತಿ. ಮಗು ಅತ್ತರೂ ಎತ್ತಿಕೊಳ್ಳೋದಿಲ್ಲ, ರಾತ್ರಿ ನಿದ್ದೆ ಇಲ್ಲ, ಗೋಡೆ ನೋಡ್ತಾ ಕೂತಿರ್ತಾಳೆ. "ಪಾಸ್ಟ್ರೇ, ನಂಗೆ ಎಂತದೂ ಬೇಡ ಅನ್ನಿಸ್ತದೆ" ಅಂದಳು. ಅಷ್ಟೇ ಹೇಳಿದ್ದು.

ನಾನು ಮುಂದೆ ಏನೂ ಕೇಳಲಿಲ್ಲ. ಬೈಬಲ್ ಕಾಲೇಜಿನಲ್ಲಿ ಪ್ರಸಂಗಕ್ಕೆ ಮೂರು ಪಾಯಿಂಟ್ ಮಾಡೋದು ಕಲಿತು ಬಂದಿದ್ದೆ, ಸುಮ್ಮನೆ ಕೂತು ಕೇಳೋದು ಕಲಿತಿರಲಿಲ್ಲ. "ಸಹೋದರಿ, ನಿನ್ನ ಬಾಯಲ್ಲಿ ಸ್ತುತಿ ಕಡಿಮೆಯಾಗಿದೆ, ಅದಕ್ಕೇ ಸೈತಾನ ಒಳಗೆ ಬಂದಿದ್ದಾನೆ. ಮೂರು ದಿನ ಉಪವಾಸ ಮಾಡು" ಅಂದೆ. ಹಾಲು ಕುಡಿಸೋ ತಾಯಿಗೆ ಉಪವಾಸ ಹೇಳಿದೆ! ಗಟ್ಟಿಯಾಗಿ ಪ್ರಾರ್ಥನೆ ಮಾಡಿ, ಚಹಾ ಕುಡಿದು, ಮನೆಗೆ ಬಂದೆ.

ಮೂರನೇ ದಿನ ಬೆಳಿಗ್ಗೆ ಅವಳ ತಾಯಿ ಫೋನ್ ಮಾಡಿದರು. "ನಾನು ಇಲ್ದಿದ್ರೆ ಮಗು ಚೆನ್ನಾಗಿರ್ತದೆ" ಅಂತ ರಾತ್ರಿಯೆಲ್ಲ ಹೇಳ್ತಾ ಇದ್ದಾಳಂತೆ. ನನ್ನ ಕೈಕಾಲು ತಣ್ಣಗಾಯ್ತು. ಏನು ಮಾಡಬೇಕು ಅಂತ ತಿಳಿಯದೆ, ನಮ್ಮ ಸಭೆಯಲ್ಲಿ ಮೀನು ಮಾರೋ ಹಿರಿಯಕ್ಕನಿಗೆ ಹೇಳಿದೆ. ಓದು ಬರಹ ಬಾರದ ಅಕ್ಕ. ಅವರು ಬುಟ್ಟಿ ಅಲ್ಲೇ ಇಟ್ಟು ಹೊರಟರು. ಮೊದಲು ಗಂಜಿ ಮಾಡಿ ಎರಡು ತುತ್ತು ಉಣ್ಣಿಸಿದರು. ಮಗುವನ್ನು ತಮ್ಮ ಮಡಿಲಿಗೆ ಹಾಕಿಕೊಂಡು ಅವಳ ಪಕ್ಕ ಕೂತರು, ಅವಳನ್ನು ಒಂದು ಕ್ಷಣವೂ ಒಬ್ಬಳೇ ಬಿಡಲಿಲ್ಲ. ಆಮೇಲೆ ನನಗೆ ಅಂದರು: "ಪಾಸ್ಟ್ರೇ, ನೀವು ಪ್ರಾರ್ಥನೆ ಮಾಡ್ತಾ ಇರಿ, ನಾವು ಡಾಕ್ಟ್ರ ಹತ್ರ ಹೋಗಿ ಬರ್ತೇವೆ."

ಆ ದಿನ ನನಗೆ ಒಂದು ಸೆಮಿಸ್ಟರಿನ ಪಾಠ ಆಯ್ತು.

ಹೆರಿಗೆಯ ನಂತರದ ಖಿನ್ನತೆ ಅಂತ ಡಾಕ್ಟರ್ ಹೇಳಿದರು. ಇದು ಅಪರೂಪದ್ದಲ್ಲ. ಲೋಕದಲ್ಲಿ ಗರ್ಭಿಣಿಯರು ಮತ್ತು ಬಾಣಂತಿಯರಲ್ಲಿ ಹತ್ತರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಗೆ ಖಿನ್ನತೆ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದ್ರೆ ನಮ್ಮ ಸಭೆಯಲ್ಲಿ ಹತ್ತು ಬಾಣಂತಿಯರಿಗೆ ನಾನು ಕೈಯಿಟ್ಟು ಪ್ರಾರ್ಥಿಸಿದ್ರೆ ಅವರಲ್ಲಿ ಒಬ್ಬಳು ಹನ್ನಳ ಹಾಗೆ ನಿಂತಿರಬಹುದು. ನಾನು ಏಲಿಯ ಹಾಗೆ ಅವಳ ಬಾಯಿ ಮಾತ್ರ ನೋಡ್ತಾ ಇದ್ದೆ.

3. ಪ್ರಾರ್ಥನೆಯೂ, ಅಂಜೂರದ ಉಂಡೆಯೂ

ಈಗ ಕೆಲವರ ಮನಸ್ಸಲ್ಲಿ ಪ್ರಶ್ನೆ ಇದೆ: ಹಾಗಾದ್ರೆ ಮಾತ್ರೆ ತಗೊಂಡ್ರೆ ನಂಬಿಕೆ ಕಡಿಮೆ ಅಂತ ಅಲ್ವಾ ಪಾಸ್ಟ್ರೇ?

ಯೆಶಾಯ 38ಕ್ಕೆ ಬನ್ನಿ. ಅರಸನಾದ ಹಿಜ್ಕೀಯನಿಗೆ ಮರಣದ ಕಾಯಿಲೆ. ಅವನು ಗೋಡೆಯ ಕಡೆ ತಿರುಗಿ ಅತ್ತು ಪ್ರಾರ್ಥಿಸಿದ. ದೇವರು ಕೇಳಿದನು, ಆಯುಸ್ಸಿಗೆ 15 ವರ್ಷ ಕೂಡಿಸಿದನು. ಉತ್ತರ ಸಿಕ್ಕಿತು, ಹಲ್ಲೆಲೂಯಾ! ಆದರೆ 21ನೇ ವಚನದಲ್ಲಿ ಅದೇ ಪ್ರವಾದಿ, ಅಂಜೂರದ ಉಂಡೆ ತಂದು ಹುಣ್ಣಿಗೆ ಕಟ್ಟಬೇಕು ಅಂತ ಹೇಳ್ತಾನೆ. ವಾಗ್ದಾನ ಕೊಟ್ಟ ದೇವರೇ ಔಷಧವನ್ನೂ ಕೊಟ್ಟ. ಪೌಲನ ಜೊತೆ ಪ್ರಯಾಣ ಮಾಡಿದ ಲೂಕ ವೈದ್ಯ (ಕೊಲೊಸ್ಸೆ 4:14). ಸ್ವಸ್ಥತೆಯ ವರ ಇದ್ದ ಪೌಲ ವೈದ್ಯನನ್ನು ದೂರ ಇಡಲಿಲ್ಲ.

ಇನ್ನೊಂದು ಮಾತು. ನಾವು ಪೆಂತೆಕೋಸ್ತಿನವರು, ದುರಾತ್ಮ ಇದೆ ಅಂತ ನಂಬ್ತೇವೆ. ನಾನೂ ನಂಬ್ತೇನೆ. ಆದರೆ ಮತ್ತಾಯ 4:24 ಓದಿ. ಅಲ್ಲಿ ರೋಗಿಗಳು, ದೆವ್ವ ಹಿಡಿದವರು, ಮೂರ್ಛೆ ರೋಗದವರು, ಪಾರ್ಶ್ವವಾಯು ಹಿಡಿದವರು ಅಂತ ಬೇರೆ ಬೇರೆಯಾಗಿ ಬರೆದಿದೆ. ಸುವಾರ್ತೆ ಬರೆದವನೇ ಎಲ್ಲವನ್ನೂ ಒಂದೇ ಹೆಸರಲ್ಲಿ ಕರೆಯಲಿಲ್ಲ. ಖಿನ್ನತೆ ಇರೋ ತಂಗಿಗೆ "ನಿನ್ನೊಳಗೆ ದೆವ್ವ ಇದೆ" ಅಂತ ಎಲ್ಲರ ಮುಂದೆ ಹೇಳಿದ್ರೆ, ಈಗಾಗಲೇ ತನ್ನನ್ನೇ ದ್ವೇಷಿಸುತ್ತಿರುವವಳ ಕೈಗೆ ನಾವು ಇನ್ನೊಂದು ಕಲ್ಲು ಕೊಟ್ಟ ಹಾಗೆ.

ಎಲೀಯನನ್ನೂ ನೆನಪಿಸಿಕೊಳ್ಳಿ (1 ಅರಸುಗಳು 19). ಆಕಾಶದಿಂದ ಬೆಂಕಿ ಇಳಿಸಿದ ಪ್ರವಾದಿ, ಮರದ ಕೆಳಗೆ ಕೂತು ಸಾವು ಬೇಡಿದ. ದೇವರು ಅವನನ್ನು ಗದರಿಸಿದನಾ? ಇಲ್ಲ. ನಿದ್ದೆ ಮಾಡಲು ಬಿಟ್ಟ. ದೂತನು ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಮತ್ತೆ ನಿದ್ದೆ, ಮತ್ತೆ ಊಟ. ಹೋರೇಬಿನ ಮಾತುಕತೆ ಎಲ್ಲ ಆಮೇಲೆ. ನಮ್ಮ ಹಿರಿಯಕ್ಕನ ಗಂಜಿ ನನಗೆ ಈಗ ಆ ರೊಟ್ಟಿಯ ಹಾಗೆ ಕಾಣ್ತದೆ.

4. ಏಲಿ ತಿದ್ದಿಕೊಂಡ

ಈ ಅಧ್ಯಾಯದಲ್ಲಿ ನನಗೆ ಧೈರ್ಯ ಕೊಡುವ ಭಾಗ ಇದು. ಹನ್ನ ಸುಮ್ಮನಾಗಲಿಲ್ಲ. ಗೌರವದಿಂದಲೇ, ಆದರೆ ಸ್ಪಷ್ಟವಾಗಿ, ತಾನು ಕುಡಿದಿಲ್ಲ, ಮನಸ್ಸಿನ ಭಾರವನ್ನು ಕರ್ತನ ಮುಂದೆ ಹೊಯ್ಯುತ್ತಿದ್ದೇನೆ, ತನ್ನನ್ನು ಕೆಟ್ಟವಳು ಅಂತ ಎಣಿಸಬೇಡಿ ಎಂದಳು. ತಂಗಿಯರೇ, ನಿಮ್ಮ ಪಾಸ್ಟರ್ ತಪ್ಪು ತಿಳಿದುಕೊಂಡ್ರೆ ಹಾಗಲ್ಲ ಅಂತ ಹೇಳೋ ಅಧಿಕಾರ ನಿಮಗೆ ಇದೆ. ಅದು ಅವಿಧೇಯತೆ ಅಲ್ಲ.

ಏಲಿಯೂ ವಾದ ಮಾಡಲಿಲ್ಲ. ವಯಸ್ಸಾದ ಯಾಜಕ, ಒಬ್ಬ ಸಾಮಾನ್ಯ ಹೆಂಗಸಿನ ಮಾತಿಗೆ ತನ್ನ ತೀರ್ಮಾನ ಬಿಟ್ಟ. 14ನೇ ವಚನದಲ್ಲಿ ಗದರಿಸಿದ ಬಾಯಿ 17ನೇ ವಚನದಲ್ಲಿ ಆಶೀರ್ವದಿಸಿತು. ನಮ್ಮ ಸಭೆಯೂ 14ರಿಂದ 17ಕ್ಕೆ ನಡೆದು ಬರಬೇಕು. ಇವತ್ತಿನ ಸಂದೇಶ ಇಷ್ಟೇ.

18ನೇ ವಚನ ನೋಡಿ: ಅವಳು ಹೋಗಿ ಊಟ ಮಾಡಿದಳು, ಅವಳ ಮುಖದಲ್ಲಿ ಆ ದುಃಖ ಉಳಿಯಲಿಲ್ಲ. ಸಮುವೇಲ ಇನ್ನೂ ಹುಟ್ಟಿಲ್ಲ, ಪೆನಿನ್ನ ಎಲ್ಲೂ ಹೋಗಿಲ್ಲ. ಆದರೂ ಊಟ ಸೇರಿತು. ದೇವರ ಮುಂದೆಯೂ ಒಬ್ಬ ಮನುಷ್ಯನ ಮುಂದೆಯೂ ತನ್ನ ಮಾತು ಪೂರ್ತಿ ಹೇಳಿಕೊಂಡಿದ್ದಳು. ಎಲ್ಲರಿಗೂ ಒಂದೇ ದಿನದಲ್ಲಿ ಹೀಗಾಗುತ್ತೆ ಅಂತ ನಾನು ಹೇಳ್ತಾ ಇಲ್ಲ. ಕೀರ್ತನೆ 88 ಕತ್ತಲೆಯಲ್ಲೇ ಮುಗಿಯುತ್ತದೆ. ಅದೂ ಸತ್ಯವೇದದಲ್ಲೇ ಇದೆ. ಇನ್ನೂ ಕತ್ತಲೆಯಲ್ಲಿರುವವಳ ಪ್ರಾರ್ಥನೆಯೂ ಪ್ರಾರ್ಥನೆಯೇ.

5. ಈ ವಾರ ಏನು ಮಾಡೋಣ?

ಎರಡು ವಾರಕ್ಕಿಂತ ಹೆಚ್ಚು ಬೇಸರ ಬಿಡದೆ ಇದ್ರೆ, ನಿದ್ದೆ ಊಟ ಕೆಟ್ಟಿದ್ರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ರೆ ಡಾಕ್ಟರಿಗೆ ತೋರಿಸಿ. ನಮ್ಮ ಜಿಲ್ಲೆಯಲ್ಲಿ ದೂರ ಒಂದು ದೊಡ್ಡ ಕಷ್ಟ. ಭಟ್ಕಳದವರಿಗೆ ಕಾರವಾರ ನೂರು ಕಿಲೋಮೀಟರಿಗೂ ಹೆಚ್ಚು. ಆದ್ದರಿಂದ ಮೊದಲು ತಾಲ್ಲೂಕು ಆಸ್ಪತ್ರೆಯಲ್ಲೇ ವಿಚಾರಿಸಿ. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರದ ಮಾನಸಿಕ ಆರೋಗ್ಯ ಕ್ಲಿನಿಕ್ ಇದೆ; ನಿಮ್ಮಲ್ಲಿ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ. ಹೆಚ್ಚಿನ ಚಿಕಿತ್ಸೆಗೆ ಕಾರವಾರದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್ ಇವೆ.

ಹೊರಗೆ ಹೋಗಲು ಆಗದಿದ್ರೆ 14416ಕ್ಕೆ ಫೋನ್ ಮಾಡಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ಪಿಜಿಯಿಂದಲೂ ಮಾಡಬಹುದು.

ಡಾಕ್ಟರ್ ಕೊಟ್ಟ ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕಾಗುತ್ತದೆ. ಒಂದು ಪ್ರಾರ್ಥನಾ ಕೂಟ ಮುಗಿಸಿ ಬಂದು ಮಾತ್ರೆ ಬಿಸಾಡಬೇಡಿ. ನಿಲ್ಲಿಸೋದು ಡಾಕ್ಟರ್ ಹೇಳಿದ ಮೇಲೆಯೇ. ಯಾವ ಪಾಸ್ಟರ್ ಬಿಡು ಅಂದರೂ, ನಾನೇ ಹೇಳಿದರೂ, ಬಿಡಬೇಡಿ.

ಯಾರಾದರೂ ಸಾಯುವ ಮಾತಾಡಿದ್ರೆ ನಾಟಕ ಅನ್ನಬೇಡಿ. ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ತುರ್ತಿಗೆ 108 ಇದೆ. ಪೊಲೀಸ್ ಕೇಸಿನ ಹೆದರಿಕೆಯಿಂದ ತಡ ಮಾಡಬೇಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಂ, ಜೀವ ತೆಗೆದುಕೊಳ್ಳಲು ಹೋದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಎಣಿಸುತ್ತದೆ. ಅವರಿಗೆ ಶಿಕ್ಷೆಯ ಬದಲು ಆರೈಕೆ ಸಿಗಬೇಕು ಎನ್ನುತ್ತದೆ.

ಮನೆಯಲ್ಲಿ ಹೊಡೆತ ತಿನ್ನುವ ಸಹೋದರಿಗೆ "ತಾಳ್ಮೆಯಿಂದ ಇರು" ಅಂತ ಹೇಳಿ ಮತ್ತೆ ಅದೇ ಮನೆಗೆ ಕಳಿಸಬೇಡಿ. ಮಹಿಳಾ ಸಹಾಯವಾಣಿ 181. ಅವಳಿಗೆ ಒಂದು ರಾತ್ರಿ ಮಲಗಲು ಜಾಗ ಕೊಡೋದೂ ಸೇವೆಯೇ.

ಆ ತಂಗಿಯ ಕಥೆ ಮುಗಿಸ್ತೇನೆ. ಚಿಕಿತ್ಸೆ ತಿಂಗಳುಗಟ್ಟಲೆ ನಡೆಯಿತು. ಹಿರಿಯಕ್ಕ ವಾರಕ್ಕೆರಡು ಸಲ ಹೋಗಿ ಮಗು ನೋಡಿಕೊಂಡರು, ಅವಳು ನಿದ್ದೆ ಮಾಡಿದಳು. ನಾನು ಹೋಗಿ ಅವಳ ಮುಂದೆ ಕ್ಷಮೆ ಕೇಳಿದೆ. ಅವಳು ಒಂದೇ ಮಾತು ಕೇಳಿದಳು: "ಆವತ್ತು ಎಂತಕ್ಕೆ ಅಳ್ತಿ ಅಂತ ನೀವು ಎಂತಕ್ಕೆ ಕೇಳ್ಲಿಲ್ಲ ಪಾಸ್ಟ್ರೇ?" ಇವತ್ತೂ ಯಾವ ಮನೆಗೆ ಪ್ರಾರ್ಥನೆಗೆ ಹೋದರೂ ಬೈಬಲ್ ತೆರೆಯೋ ಮುಂಚೆ ಆ ಪ್ರಶ್ನೆಯೇ ಕೇಳ್ತೇನೆ. ಕೇಳಿ, ಸುಮ್ಮನೆ ಕೂತಿರ್ತೇನೆ.

ಗುಂಪು ಅಧ್ಯಯನಕ್ಕೆ ಪ್ರಶ್ನೆಗಳು

1. ಹನ್ನಳ ದುಃಖಕ್ಕೆ ಪೆನಿನ್ನ, ಎಲ್ಕಾನ, ಏಲಿ ಹೇಗೆ ಪ್ರತಿಕ್ರಿಯಿಸಿದರು? ಈ ಮೂವರಲ್ಲಿ ನೀವು ಯಾರ ಹಾಗೆ ನಡೆದುಕೊಂಡಿದ್ದೀರಿ?
2. ಮಾರ್ಕ 5:25–34 ಓದಿ. ಯಾಯೀರನ ಮನೆಗೆ ಅವಸರದಲ್ಲಿ ಹೋಗುತ್ತಿದ್ದ ಯೇಸು, ರಕ್ತಕುಸುಮ ರೋಗದ ಸ್ತ್ರೀಯ ಮಾತು ಪೂರ್ತಿ ಕೇಳಲು ಯಾಕೆ ನಿಂತನು? ಅವಳನ್ನು ಏನೆಂದು ಕರೆದನು?
3. ಯೆಶಾಯ 38:5 ಮತ್ತು 38:21 ಎರಡನ್ನೂ ಒಟ್ಟಿಗೆ ಓದಿದಾಗ ಪ್ರಾರ್ಥನೆ ಮತ್ತು ಔಷಧದ ಬಗ್ಗೆ ಏನು ತಿಳಿಯುತ್ತದೆ?
4. ಈ ವಾರ ನೀವು ಉಪದೇಶ ಕೊಡದೆ, ಸುಮ್ಮನೆ ಕೂತು ಮಾತು ಕೇಳಬೇಕಾದ ಒಬ್ಬರು ಯಾರು?

ಪ್ರಾರ್ಥನೆ ಮಾಡೋಣ. ತಂದೆಯೇ, ಧ್ವನಿ ಇಲ್ಲದ ಪ್ರಾರ್ಥನೆಯನ್ನೂ ನೀನು ಕೇಳುತ್ತೀ. ಇವತ್ತು ತುಟಿ ಮಾತ್ರ ಅಲುಗುತ್ತಿರುವ ನಮ್ಮ ಸಹೋದರಿಯರನ್ನು ನೋಡು. ಅವರಿಗೆ ನಿದ್ದೆ ಕೊಡು, ಊಟ ಸೇರಿಸು, ಒಳ್ಳೆಯ ಡಾಕ್ಟರನ್ನೂ ಪಕ್ಕದಲ್ಲಿ ಕೂರುವ ಒಬ್ಬ ಅಕ್ಕನನ್ನೂ ಕೊಡು. ನೋಡಿ ತೀರ್ಪು ಮಾಡಿದ ನಮ್ಮನ್ನು ಕ್ಷಮಿಸು. ಏಲಿಯ ಹಾಗೆ ತಿದ್ದಿಕೊಳ್ಳುವ ಮನಸ್ಸು ಕೊಡು. ಯೇಸುವಿನ ನಾಮದಲ್ಲಿ ಬೇಡಿಕೊಳ್ಳುತ್ತೇವೆ ತಂದೆಯೇ, ಆಮೆನ್.