ಸಿಸ್ಟರ್ ಕೈಗೊಂದು ಟಾರ್ಚು

ಹಲ್ಲು ನೋವು ಬಂದರೆ ಮೊದಲು ಲವಂಗದೆಣ್ಣೆ, ಆಮೇಲೆ ಒಂದು ಚಿಟಿಕೆ ಹೊಗೆಸೊಪ್ಪು, ಕೆನ್ನೆ ಊದಿಕೊಂಡ ಮೇಲೆ ಹಾಸನದ ಬಸ್ಸು. ನಮ್ಮ ಕಡೆಯ ಹಳೇ ರೂಢಿ ಇದು. ವಿಮಾನ ನಿಲ್ದಾಣದ ಕಾಮಗಾರಿಯಿಂದ ಹೆಸರಾದ ಬೂವನಹಳ್ಳಿಗೆ ಹಾಸನ ದೂರವೇನಲ್ಲ. ಅಲ್ಲಿ ಹಿಮ್ಸ್ ಆಸ್ಪತ್ರೆ ಇದೆ, ಶ್ರೀ ಹಾಸನಾಂಬ ದಂತ ವೈದ್ಯಕೀಯ ಕಾಲೇಜಿದೆ. ಆದರೆ ಒಂದು ಹಲ್ಲಿಗಾಗಿ ಒಂದು ದಿನದ ಕೂಲಿ ಬಿಡುವವರು ಯಾರು? ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಒಳಹಳ್ಳಿಗಳವರಿಗೆ ಬಸ್ ಚಾರ್ಜೂ ಸೇರಿಕೊಳ್ಳುತ್ತದೆ. ದಂತವೈದ್ಯರು ಊರಿಗೆ ಬರಲೆಂದು ಕಾಯುವ ಬದಲು, ಈಗಾಗಲೇ ಊರಲ್ಲಿ ಓಡಾಡುತ್ತಿರುವ ಆರೋಗ್ಯ ಕೇಂದ್ರದ ಸಿಸ್ಟರ್‌ಗೆ ಬಾಯಿ ನೋಡುವುದನ್ನು ಕಲಿಸುವುದು ಲೇಸು.

ಇದು ಆಗುವ ಮಾತೇ ಎಂದು ಕೇಳುವವರು ಕೇರಳದ ಕಡೆ ನೋಡಬೇಕು. ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಶುರುವಾದ ಅಧ್ಯಯನದಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ಪರೀಕ್ಷಿಸಿದರು. ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದು ಪಾಲು ತಗ್ಗಿತೆಂದು 2005ರಲ್ಲಿ ಫಲಿತಾಂಶ ಬಂತು. ಆ ಕಾರ್ಯಕರ್ತರು ವೈದ್ಯಕೀಯ ಓದಿದವರಲ್ಲ. ನಮ್ಮ ಆಯುಷ್ಮಾನ್ ಆರೋಗ್ಯ ಮಂದಿರಗಳ ಸಮುದಾಯ ಆರೋಗ್ಯ ಅಧಿಕಾರಿಗಳಾದರೋ ನರ್ಸಿಂಗ್ ಓದಿ ಬಂದವರು. ಆ ಕೇಂದ್ರಗಳು ಕೊಡಬೇಕಾದ 12 ಬಗೆಯ ಸೇವೆಗಳಲ್ಲಿ ಬಾಯಿ ಆರೋಗ್ಯವೂ ಒಂದು.

ಮೊದಲು ಕೈ, ಆಮೇಲೆ ಪಾಠ

ತರಬೇತಿಯ ಮೊದಲ ದಿನ ಪ್ರೊಜೆಕ್ಟರ್ ಹಚ್ಚಬೇಡಿ. ಟಾರ್ಚು, ಎರಡು ಬಾಯಿ ಕನ್ನಡಿ, ಗ್ಲೌಸು, ಮಾಸ್ಕು, ಒಂದಿಷ್ಟು ಗಾಜ್ ಬಟ್ಟೆ ಕೊಟ್ಟು ಸಿಸ್ಟರ್‌ಗಳು ಒಬ್ಬರ ಬಾಯಿ ಒಬ್ಬರು ನೋಡಲಿ. ಕ್ರಮ ತಪ್ಪಬಾರದು: ಹಲ್ಲಿನ ಸೆಟ್ಟಿದ್ದರೆ ತೆಗೆಸಿ, ಮುಖ ಮತ್ತು ಕುತ್ತಿಗೆಯಲ್ಲಿ ಗಂಟಿದೆಯೇ ಎಂದು ಮುಟ್ಟಿ ನೋಡಿ, ನಂತರ ತುಟಿಯ ಒಳಭಾಗ, ಎರಡೂ ಕೆನ್ನೆ, ವಸಡು, ಅಂಗುಳ. ಕೊನೆಗೆ ನಾಲಿಗೆಯ ತುದಿಯನ್ನು ಗಾಜ್‌ನಲ್ಲಿ ಹಿಡಿದು ಎಡಬಲದ ಅಂಚು ಮತ್ತು ಕೆಳಭಾಗ. ಅವಸರದಲ್ಲಿ ಬಿಟ್ಟುಹೋಗುವುದು ಈ ಕೊನೆಯ ಜಾಗವೇ. ಹತ್ತು ಬಾಯಿ ನೋಡುವಷ್ಟರಲ್ಲಿ ಆರೋಗ್ಯವಂತ ಬಾಯಿ ಹೇಗಿರುತ್ತದೆಂಬುದು ಕಣ್ಣಿಗೆ ಕೂರುತ್ತದೆ.

ಕೆಟ್ಟದ್ದನ್ನು ಗುರುತಿಸಲು ದಂತ ಕಾಲೇಜಿನ ಒಪಿಡಿಯಲ್ಲಿ ಕನಿಷ್ಠ ಎರಡು ದಿನ ಕೂರಿಸಬೇಕು. ಚಿತ್ರದಲ್ಲಿ ಕಂಡ ಬಿಳಿ ಮಚ್ಚೆಗೂ ಎಲೆಅಡಿಕೆ ರಂಗಿನ ಬಾಯಲ್ಲಿ ಕಾಣುವುದಕ್ಕೂ ಅಜಗಜಾಂತರ. ನೆನಪಿಡಬೇಕಾದ್ದು ಇಷ್ಟು: ಎರಡು ವಾರವಾದರೂ ಮಾಯದ ಹುಣ್ಣು, ಒರೆಸಿದರೂ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಿನ್ನಲಾಗದಂಥ ಉರಿ, ಮೂರು ಬೆರಳು ಹೋಗದಷ್ಟು ಬಿಗಿದ ಬಾಯಿ. ಜ್ವರದ ಜೊತೆ ಊತ ಕುತ್ತಿಗೆಗಿಳಿದು ನುಂಗಲು ಕಷ್ಟವಾದರೆ ಅಂದೇ ಆಸ್ಪತ್ರೆಗೆ.

ಲಸಿಕೆ ದಿನವೇ ಹಲ್ಲಿನ ದಿನ

ಬೇರೆ ಶಿಬಿರ ಬೇಡ. ಲಸಿಕೆಗೆ ಬಂದ ಮಗುವಿನ ಮೇಲ್ದುಟಿ ಎತ್ತಿ ನೋಡಿದರಾಯಿತು. ವಸಡಿನಂಚಿಗೆ ಸುಣ್ಣದಂಥ ಬಿಳಿ ಗೆರೆ ಕಂಡರೆ ಹುಳುಕು ಶುರುವಾಗುತ್ತಿದೆ ಎಂದರ್ಥ. ಈ ಹಂತದಲ್ಲಿ ಅದನ್ನು ತಡೆಯಬಹುದು. ಸಕ್ಕರೆ ಹಾಲಿನ ಬಾಟಲಿ ಬಾಯಲ್ಲಿಟ್ಟು ಮಲಗಿಸುವುದನ್ನು ನಿಲ್ಲಿಸಿ, ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಹಚ್ಚಿ ದಿನಕ್ಕೆರಡು ಸಲ ಉಜ್ಜಲು ತಾಯಿಗೆ ತೋರಿಸಿಕೊಡಿ. ಮೂರು ವರ್ಷ ದಾಟಿದರೆ ಬಟಾಣಿಯಷ್ಟು. ಆರನೇ ವರ್ಷಕ್ಕೆ ಹಿಂದೆ ಬರುವ ದವಡೆಹಲ್ಲು ಹಾಲುಹಲ್ಲಲ್ಲ, ಅದು ಬಿದ್ದರೆ ಮತ್ತೆ ಬರುವುದಿಲ್ಲ. ಎಷ್ಟೋ ಮನೆಗಳಲ್ಲಿ ಇದು ಗೊತ್ತೇ ಇರುವುದಿಲ್ಲ.

ಬಸುರಿಯರಲ್ಲಿ ವಸಡಿನಿಂದ ರಕ್ತ ಬರುವುದು ಸಾಮಾನ್ಯ. ಹೆದರಿ ಉಜ್ಜುವುದನ್ನೇ ಬಿಟ್ಟರೆ ಇನ್ನೂ ಹೆಚ್ಚುತ್ತದೆ. ಚಿಕಿತ್ಸೆ ಬೇಕಾದರೆ ನಾಲ್ಕರಿಂದ ಆರನೇ ತಿಂಗಳು ಅನುಕೂಲದ ಕಾಲ.

ಅಜ್ಜಿಯ ಎಲೆಅಡಿಕೆ ಚೀಲ

ಕಷ್ಟದ ಪಾಠ ಇದು. ಮನೆಗೆ ಬಂದವರಿಗೆ ತಾಂಬೂಲ ಕೊಡುವ ಸೀಮೆಯಲ್ಲಿ ‘ಎಲೆಅಡಿಕೆ ಬಿಡಜ್ಜಿ’ ಎಂದರೆ ಅಜ್ಜಿ ಬಾಗಿಲು ತೋರಿಸುತ್ತಾಳೆ. ಮೊದಲು ಹೊಗೆಸೊಪ್ಪು, ಕಡ್ಡಿಪುಡಿ ಬಿಡಿಸಿ. ಎಲೆಅಡಿಕೆಯ ಉಂಡೆಯನ್ನು ದವಡೆಯಲ್ಲಿಟ್ಟು ಮಲಗುವುದನ್ನು ತಪ್ಪಿಸಿ. ಆದರೆ ಬರೀ ಅಡಿಕೆ ನಿರಪಾಯ ಎಂದು ಸುಳ್ಳು ಹೇಳಬೇಡಿ: ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅಡಿಕೆಯನ್ನೇ ಕ್ಯಾನ್ಸರ್‌ಕಾರಕವೆಂದು ಪಟ್ಟಿ ಮಾಡಿದೆ. ತಂಬಾಕು ಬೆಳೆಯುವ ಅರಕಲಗೂಡಿನ ರಾಮನಾಥಪುರದ ಕಡೆ ಮಾತು ಚಟದ ಬಗ್ಗೆಯೇ ಇರಲಿ, ಬೆಳೆಯ ಮೇಲೆ ಹೋಗದಿರಲಿ. ಬಿಡುವ ಮನಸ್ಸಿದ್ದವರಿಗೆ 1800-11-2356 ಉಚಿತ ಸಂಖ್ಯೆ ಬರೆದುಕೊಡಿ.

ಬಾಯಿ ನೋಡಿ ದಂತವೈದ್ಯರಿಗೆ ಚೀಟಿ ಬರೆದುಕೊಟ್ಟರೆ ಕೆಲಸ ಮುಗಿಯಲಿಲ್ಲ. ರಿಜಿಸ್ಟರಿನಲ್ಲಿ ‘ಕಳಿಸಿದೆ’ ಎಂಬ ಕಾಲಂ ಪಕ್ಕ ‘ಹೋದರೇ?’ ಎಂಬ ಕಾಲಂ ಎಳೆದು, ವಾರದೊಳಗೆ ಫೋನ್ ಮಾಡಿ ತುಂಬುವುದನ್ನು ತರಬೇತಿಯಲ್ಲೇ ರೂಢಿ ಮಾಡಿಸಬೇಕು. ಒಂಟಿಯಾಗಿ ಹೋಗಲು ಅಂಜುವವರ ಜೊತೆ ಆಶಾ ಕಾರ್ಯಕರ್ತೆಯನ್ನು ಕಳಿಸಬೇಕು. ಹಲ್ಲೆಲ್ಲ ಉದುರಿದ ಬಿಪಿಎಲ್ ಹಿರಿಯರಿದ್ದರೆ ಸರ್ಕಾರದ ದಂತಭಾಗ್ಯ ಯೋಜನೆಯಲ್ಲಿ ಉಚಿತ ಸೆಟ್ಟಿಗೆ ವಿಚಾರಿಸಬೇಕು.

ಓದುಗರಿಗೂ ಒಂದು ಕೆಲಸವಿದೆ. ಮುಂದಿನ ಸಲ ಬಿಪಿ ನೋಡಲು ಸಿಸ್ಟರ್ ಮನೆಗೆ ಬಂದಾಗ, ‘ಬಾಯಿನೂ ನೋಡಿಬಿಡಿ ಸಿಸ್ಟರ್’ ಎಂದು ನೀವೇ ಕೇಳಿ.