ಜೀವಕೋಶಗಳ ಅಂಚೆ: ಎಕ್ಸೊಸೋಮ್ ಮತ್ತು ಅರ್ಬುದರೋಗ

ಮಾನವ ಶರೀರವು ಅಸಂಖ್ಯ ಜೀವಕೋಶಗಳಿಂದ ನಿರ್ಮಿತವಾದುದೆಂಬುದು ಪ್ರೌಢಶಾಲೆಯ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಲ್ಲ ವಿಷಯ. ಈ ಕೋಶಗಳು ಒಂದು ಊರಿನ ಮನೆಗಳಂತೆ ಪರಸ್ಪರ ಸುದ್ದಿ ಕಳುಹಿಸುತ್ತ, ನೆರೆಯವರ ಸ್ಥಿತಿಗತಿಗಳನ್ನು ಅರಿಯುತ್ತ ಬಾಳುತ್ತವೆ. ಹಾರ್ಮೋನುಗಳ ಮೂಲಕ, ನರಗಳ ಮೂಲಕ ಸಾಗುವ ಸಂದೇಶಗಳು ವಿಜ್ಞಾನಿಗಳಿಗೆ ಬಹುಕಾಲದಿಂದ ಪರಿಚಿತವಾಗಿದ್ದವು. ಕಳೆದ ನಾಲ್ಕು ದಶಕಗಳಲ್ಲಿ ಇವುಗಳ ಜೊತೆಗೆ ಮತ್ತೊಂದು ಮಾರ್ಗವು ಬೆಳಕಿಗೆ ಬಂದಿದೆ. ಕೋಶವು ತನ್ನ ಒಡಲಿನ ಪದಾರ್ಥಗಳನ್ನು ಪುಟ್ಟ ಚೀಲವೊಂದರಲ್ಲಿ ಕಟ್ಟಿ ಹೊರಗೆ ಕಳುಹಿಸುತ್ತದೆ. ಆ ಚೀಲಕ್ಕೆ ಎಕ್ಸೊಸೋಮ್ ಎಂದು ಹೆಸರು.

ಎಕ್ಸೊಸೋಮಿನ ಗಾತ್ರವು ಸುಮಾರು 30ರಿಂದ 150 ನ್ಯಾನೋಮೀಟರ್. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರ ಒಂದು ಪಾಲು ಒಂದು ನ್ಯಾನೋಮೀಟರ್ ಆಗುತ್ತದೆ. ಆದ್ದರಿಂದ ಇದರ ಸ್ಪಷ್ಟ ರೂಪವನ್ನು ಕಾಣಲು ಇಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ಕೋಶದ ಒಳಗಿನ ಒಂದು ಸಂಚಿಯ ಪೊರೆಯು ಒಳಮುಖವಾಗಿ ಬಾಗಿ, ಅನೇಕ ಕಿರುಚೀಲಗಳಾಗಿ ಕಳಚಿಕೊಳ್ಳುತ್ತದೆ. ಬಳಿಕ ಆ ಸಂಚಿಯು ಕೋಶದ ಹೊರಪೊರೆಯೊಡನೆ ಬೆಸೆದುಕೊಂಡು, ತನ್ನಲ್ಲಿದ್ದ ಕಿರುಚೀಲಗಳನ್ನು ಹೊರಕ್ಕೆ ಸುರಿಯುತ್ತದೆ. ರಕ್ತ, ಜೊಲ್ಲು, ಮೂತ್ರ, ಎದೆಹಾಲು ಇವೆಲ್ಲವುಗಳಲ್ಲಿಯೂ ಇವು ದೊರೆಯುತ್ತವೆ.

ಈ ಶೋಧದ ಕಥೆಯು ಕುರಿಯ ರಕ್ತದಿಂದ ಆರಂಭವಾಗುವುದು ಸ್ವಾರಸ್ಯಕರ ಸಂಗತಿ. ಕೆಂಪು ರಕ್ತಕಣವು ಎಳೆಯದಾಗಿರುವಾಗ ಅದರ ಮೈಮೇಲೆ ಕಬ್ಬಿಣಾಂಶವನ್ನು ಬರಮಾಡಿಕೊಳ್ಳುವ ವಿಶಿಷ್ಟ ಪ್ರೋಟೀನುಗಳಿರುತ್ತವೆ. ಕಣವು ಬಲಿತಂತೆ ಅವು ಕಾಣೆಯಾಗುತ್ತವೆ. ಅವು ಎಲ್ಲಿ ಹೋಗುತ್ತವೆ ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಕೆನಡಾದ ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದ ರೋಸ್ ಜಾನ್‌ಸ್ಟನ್ ಮತ್ತು ಅವರ ಸಹೋದ್ಯೋಗಿಗಳು. ಅವು ಕಿರುಚೀಲಗಳಲ್ಲಿ ಹೊರಬೀಳುತ್ತವೆ ಎಂಬುದನ್ನು ಅವರು ಕುರಿಯ ರಕ್ತಕಣಗಳಲ್ಲಿ 1983ರಲ್ಲಿ ಕಂಡರು. ಅದೇ ವರ್ಷ ಅಮೇರಿಕದ ಫಿಲಿಪ್ ಸ್ಟಾಲ್ ಅವರ ತಂಡವು ಇಲಿಯ ರಕ್ತಕಣಗಳಲ್ಲಿ ಇದನ್ನೇ ಕಂಡಿತು. ಆಗ ಬಹುಮಂದಿ ಇದನ್ನು ಕೋಶವು ಹೊರಚೆಲ್ಲುವ ಕಸವೆಂದೇ ಭಾವಿಸಿದರು.

ಆದರೆ ಕಸದ ಬುಟ್ಟಿಯೆಂದು ತಿಳಿದಿದ್ದುದು ಅಂಚೆಯ ಚೀಲವಾಗಿತ್ತು! ರೋಗನಿರೋಧಕ ವ್ಯವಸ್ಥೆಯ ಕೋಶಗಳು ಎಕ್ಸೊಸೋಮುಗಳ ಮೂಲಕ ಒಂದನ್ನೊಂದು ಪ್ರಚೋದಿಸಬಲ್ಲವೆಂಬುದು 1996ರಲ್ಲಿ ತಿಳಿದುಬಂದಿತು. ಇವುಗಳೊಳಗೆ ಆರ್‌ಎನ್‌ಎ ಎಂಬ ಆನುವಂಶಿಕ ಸಂದೇಶವಿರುವುದನ್ನೂ, ಒಂದು ಕೋಶದಿಂದ ಹೊರಟ ಆ ಸಂದೇಶವನ್ನು ಮತ್ತೊಂದು ಕೋಶವು ಓದಿ ಪ್ರೋಟೀನು ತಯಾರಿಸಬಲ್ಲುದೆಂಬುದನ್ನೂ 2007ರಲ್ಲಿ ಸ್ವೀಡನ್ನಿನ ಗಾಥೆನ್‌ಬರ್ಗಿನ ವಿಜ್ಞಾನಿಗಳು ತೋರಿಸಿದರು. ಅಂದಿನಿಂದ ಈ ಶಾಸ್ತ್ರವು ತೀವ್ರಗತಿಯಿಂದ ಬೆಳೆದಿದೆ.

ಅಂಚೆಯು ಸಜ್ಜನರ ಪತ್ರವನ್ನು ಒಯ್ಯುವಂತೆ ದುರ್ಜನರ ಪತ್ರವನ್ನೂ ಒಯ್ಯುತ್ತದೆ. ಅರ್ಬುದಕೋಶವು ಈ ವ್ಯವಸ್ಥೆಯನ್ನು ತನ್ನ ಸ್ವಾರ್ಥಕ್ಕೆ ಬಳಸಿಕೊಳ್ಳುತ್ತದೆ. ಅದು ಕಳುಹಿಸುವ ಚೀಲಗಳು ಹೊಸ ರಕ್ತನಾಳಗಳು ಬೆಳೆಯುವಂತೆ ಪ್ರೇರೇಪಿಸುತ್ತವೆ; ಸುತ್ತಲಿನ ಆರೋಗ್ಯವಂತ ಕೋಶಗಳನ್ನು ಗಡ್ಡೆಯ ಸೇವೆಗೆ ಒಲಿಸಿಕೊಳ್ಳುತ್ತವೆ. ಕೆಲವು ಚೀಲಗಳ ಹೊರಮೈಯಲ್ಲಿರುವ ಪ್ರೋಟೀನು ಶರೀರವನ್ನು ಕಾಯುವ ಬಿಳಿಯ ರಕ್ತಕಣಗಳನ್ನು ದೂರದಿಂದಲೇ ನಿಷ್ಕ್ರಿಯಗೊಳಿಸುತ್ತದೆಂಬುದು 2018ರಲ್ಲಿ ವರದಿಯಾಯಿತು.

ಅರ್ಬುದವು ಒಂದು ಅಂಗದಿಂದ ಮತ್ತೊಂದಕ್ಕೆ ಹರಡುವಾಗ ಕೆಲವು ಅಂಗಗಳನ್ನೇ ಆರಿಸಿಕೊಳ್ಳುವುದೇಕೆ? ರೋಗದ ಕೋಶವು ಬೀಜವಿದ್ದಂತೆ, ಅಂಗವು ನೆಲವಿದ್ದಂತೆ, ಒಗ್ಗಿದ ನೆಲದಲ್ಲಿಯೇ ಬೀಜ ಮೊಳೆಯುವುದೆಂದು ಇಂಗ್ಲೆಂಡಿನ ವೈದ್ಯ ಸ್ಟೀಫನ್ ಪ್ಯಾಜೆಟ್ 1889ರಲ್ಲಿಯೇ ಹೇಳಿದ್ದರು. ಇಜೇರಿಯ ರೈತನಿಗೆ ಈ ಮಾತು ವಿವರಣೆಯಿಲ್ಲದೆ ತಿಳಿಯುತ್ತದೆ. ನೆಲವನ್ನು ಹದಮಾಡದೆ ತೊಗರಿಯನ್ನು ಬಿತ್ತುವವರುಂಟೆ? ಅರ್ಬುದವೂ ಹಾಗೆಯೇ ಮಾಡುತ್ತದೆ. ಎಕ್ಸೊಸೋಮುಗಳು ಮುಂದಾಗಿ ಹೋಗಿ ನೆಲವನ್ನು ಹದಗೊಳಿಸುತ್ತವೆ, ಬೀಜವು ಆಮೇಲೆ ಬರುತ್ತದೆ. ಚೀಲದ ಮೈಮೇಲಿನ ಇಂಟೆಗ್ರಿನ್ ಎಂಬ ಪ್ರೋಟೀನುಗಳೇ ಅದರ ವಿಳಾಸವಿದ್ದಂತೆ. ಒಂದು ಬಗೆಯವು ಶ್ವಾಸಕೋಶಕ್ಕೂ ಮತ್ತೊಂದು ಬಗೆಯವು ಯಕೃತ್ತಿಗೂ ಒಯ್ಯುತ್ತವೆಂಬುದನ್ನು ನ್ಯೂಯಾರ್ಕಿನ ಡೇವಿಡ್ ಲೈಡನ್ ಅವರ ತಂಡವು 2015ರಲ್ಲಿ ಪ್ರಕಟಿಸಿತು.

ಈ ಜ್ಞಾನವು ಜೇವರ್ಗಿ, ಆಳಂದ, ಅಫಜಲಪುರಗಳ ಜನರಿಗೆ ಏಕೆ ಬೇಕು? ಭಾರತದ ಪುರುಷರಲ್ಲಿ ಅತಿ ಸಾಮಾನ್ಯವಾದ ಅರ್ಬುದಗಳಲ್ಲಿ ಬಾಯಿಯ ಅರ್ಬುದವೂ ಒಂದು. ಅದರ ಮುಖ್ಯ ಕಾರಣಗಳು ತಂಬಾಕು ಮತ್ತು ಅಡಿಕೆ. ಅಡಿಕೆಯು ತಂಬಾಕಿಲ್ಲದೆಯೂ ಅರ್ಬುದಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಅಂಗವು 2004ರಲ್ಲಿ ಸಾರಿದೆ. ಕರ್ನಾಟಕ ಸರ್ಕಾರವು 2013ರಲ್ಲಿ ಗುಟಕಾ ನಿಷೇಧಿಸಿತು; ಶಾಲೆಯ 100 ಗಜದೊಳಗೆ ತಂಬಾಕು ಮಾರಬಾರದೆಂದು 2003ರ ಕೇಂದ್ರ ಕಾಯಿದೆ ವಿಧಿಸಿದೆ. ಬಾಯಿಯಲ್ಲಿ ಸಣ್ಣ ಹುಣ್ಣಿದ್ದಾಗ ಚಿಕಿತ್ಸೆ ಸುಲಭ. ಕತ್ತಿನ ದುಗ್ಧಗ್ರಂಥಿಗಳಿಗೆ ರೋಗ ಇಳಿದ ಮೇಲೆ ಅದು ಕಠಿಣ. ರೋಗಿಯು ‘ಹಬ್ಬ ಕಳೆಯಲಿ, ರಾಶಿ ಮುಗಿಯಲಿ’ ಎಂದು ಕಾಯುವ ದಿನಗಳಲ್ಲಿ ಆ ಅದೃಶ್ಯ ಅಂಚೆಯು ಬಿಡುವಿಲ್ಲದೆ ಓಡುತ್ತಿರುತ್ತದೆ.

ಇದೇ ಅಂಚೆಯನ್ನು ತಡೆದು ಓದಿ, ರೋಗವನ್ನು ಮೊದಲೇ ಪತ್ತೆಹಚ್ಚುವ ಯತ್ನವೂ ಸಾಗಿದೆ. ಪ್ರಾಸ್ಟೇಟ್ ಗ್ರಂಥಿಯ ಅರ್ಬುದದ ಸಂದೇಹವಿದ್ದಾಗ ಮೂತ್ರದ ಎಕ್ಸೊಸೋಮುಗಳನ್ನು ಪರೀಕ್ಷಿಸುವ ವಿಧಾನವು ಅಮೇರಿಕದಲ್ಲಿ ಬಳಕೆಯಲ್ಲಿದೆ. ಬಾಯಿಯ ಅರ್ಬುದಕ್ಕಾಗಿ ಜೊಲ್ಲಿನ ಎಕ್ಸೊಸೋಮುಗಳ ಅಧ್ಯಯನ ನಡೆಯುತ್ತಿದೆ. ಅದಿನ್ನೂ ಪ್ರಯೋಗಶಾಲೆಯ ಹೊಸ್ತಿಲನ್ನು ದಾಟಿ ಹಳ್ಳಿಯ ಆಸ್ಪತ್ರೆಗೆ ಬಂದಿಲ್ಲ.

ಅಲ್ಲಿಯವರೆಗೆ ಕಣ್ಣೇ ಉಪಕರಣ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ, ವೈದ್ಯರಲ್ಲದ ಪದವೀಧರರು ತರಬೇತಿ ಪಡೆದು ಮನೆಮನೆಗೆ ಹೋಗಿ ಜನರ ಬಾಯಿಯನ್ನು ಪರೀಕ್ಷಿಸಿದರು. ತಂಬಾಕು ಅಥವಾ ಮದ್ಯ ಸೇವಿಸುವವರಲ್ಲಿ ಬಾಯಿಯ ಅರ್ಬುದದಿಂದಾಗುವ ಮರಣವು ಇದರಿಂದ ಸುಮಾರು ಮೂರನೆಯ ಒಂದು ಪಾಲಿನಷ್ಟು ಕಡಿಮೆಯಾಯಿತೆಂದು 2005ರಲ್ಲಿ ವರದಿಯಾಯಿತು. ಪದವೀಧರರು ಮಾಡಿದ ಆ ಕಾರ್ಯವು ಶಿಕ್ಷಕರಿಗೂ ಅಸಾಧ್ಯವಲ್ಲ. ಒರೆಸಿದರೆ ಹೋಗದ ಬಿಳಿಯ ಅಥವಾ ಕೆಂಪು ಮಚ್ಚೆ, ಮೂರು ವಾರವಾದರೂ ಮಾಯದ ಹುಣ್ಣು, ಬಾಯಿ ತೆರೆಯಲಾಗದ ಬಿಗಿತ, ಕತ್ತಿನಲ್ಲಿ ಗಟ್ಟಿ ಗಂಟು, ಈ ನಾಲ್ಕನ್ನು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಕಳುಹಿಸಬೇಕು. 1973ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆಯ ಶಾಖಾಕೇಂದ್ರವು ಕಲಬುರಗಿಯಲ್ಲಿಯೇ ಇದೆ.

ಜೀವಕೋಶಗಳ ಸುದ್ದಿ ಕ್ಷಣಕ್ಷಣಕ್ಕೂ ಸಾಗುತ್ತದೆ. ಅದಕ್ಕಿಂತ ಮುಂಚೆ ಮನುಷ್ಯರ ಸುದ್ದಿ ಮನೆಮನೆಗೆ ತಲುಪಬೇಕಾಗಿದೆ. ಇಂದು ತರಗತಿಯಲ್ಲಿ ಕಲಿತ ಬಾಲಕನು ಸಂಜೆ ಮನೆಯಲ್ಲಿ ತಂದೆಯ ಕೈಯಲ್ಲಿನ ತಂಬಾಕಿನ ಚೀಟಿಯನ್ನು ಕಂಡು ಪ್ರಶ್ನಿಸುವಂತಾದರೆ, ವಿದ್ಯಾದಾನಕ್ಕೆ ಕೈಜೋಡಿಸಿದ ಎಲ್ಲರ ಶ್ರಮವೂ ಸಾರ್ಥಕವಾದಂತೆ.