ಫೋಟೋದಲ್ಲಿರುವ ಅಜ್ಜ ಸೈನಿಕರೋ ಅಲ್ಲವೋ?

ಪ್ರಶ್ನೆ: ನಮ್ಮದು ಮೂಲತಃ ಹುಬ್ಬಳ್ಳಿ. ಅಜ್ಜ ಬೆಜವಾಡಕ್ಕೆ (ಈಗಿನ ವಿಜಯವಾಡ) ಬಂದು ನೆಲೆಸಿದರು, ನಾನೀಗ ವಿಶಾಖಪಟ್ಟಣದಲ್ಲಿದ್ದೇನೆ. ಅಜ್ಜ ಮಿಲಿಟರಿಯಲ್ಲಿದ್ದರು, ಬರ್ಮಾ ಯುದ್ಧಕ್ಕೆ ಹೋಗಿದ್ದರು ಎಂದು ಅಪ್ಪ ಹೇಳುತ್ತಿದ್ದರು. ಕಳೆದ ವರ್ಷ ಅಪ್ಪ ತೀರಿಕೊಂಡ ಮೇಲೆ ಟ್ರಂಕಿನಲ್ಲಿ ಅಜ್ಜನ ಹಳೆಯ ಫೋಟೋ ಸಿಕ್ಕಿತು. ಅದನ್ನು ಮನೆಯವರ ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಿದಾಗ, 'ಇದು ಮಿಲಿಟರಿ ಡ್ರೆಸ್ಸೇ ಅಲ್ಲ' ಎಂದು ಚಿಕ್ಕಪ್ಪನ ಮಗ ಬರೆದ. ಅಪ್ಪ ಸುಳ್ಳು ಹೇಳಿದರೇ? ಅವರಿದ್ದಾಗ ನಾನೇಕೆ ಕೇಳಿ ತಿಳಿದುಕೊಳ್ಳಲಿಲ್ಲ? ನಿದ್ದೆ ಬರುತ್ತಿಲ್ಲ.

ಉತ್ತರ: ಅಪ್ಪ ಹೋಗಿ ಇನ್ನೂ ಒಂದೇ ವರ್ಷ. ಅವರ ಮಾತನ್ನೇ ಯಾರೋ ಅಲ್ಲಗಳೆದರೆ ಅವರನ್ನು ಮತ್ತೊಮ್ಮೆ ಕಳೆದುಕೊಂಡಂತೆ ಅನ್ನಿಸುವುದು ಸಹಜ. ಕೇಳಲಿಲ್ಲವೆಂಬ ಕೊರಗು ಹಿರಿಯರನ್ನು ಕಳೆದುಕೊಂಡ ಎಷ್ಟೋ ಮಂದಿಯದು. ಅದಕ್ಕಾಗಿ ನಿಮ್ಮನ್ನು ನೀವು ಶಿಕ್ಷಿಸಿಕೊಳ್ಳಬೇಡಿ.

ಆದರೆ ಸುಳ್ಳು ಎಂಬ ತೀರ್ಮಾನಕ್ಕೆ ಈಗಲೇ ಬರುವುದು ಬೇಡ. ಅಪ್ಪ ಚಿಕ್ಕಂದಿನಲ್ಲಿ ಕಂಡದ್ದನ್ನು, ಕೇಳಿದ್ದನ್ನು ನಂಬಿ ನಿಮಗೆ ಹೇಳಿದ್ದಾರೆ. ಅದರಲ್ಲಿ ಮೋಸವಿಲ್ಲ. ಇನ್ನೊಂದು ವಿಷಯ: ಹುಬ್ಬಳ್ಳಿ, ಬೆಜವಾಡ ಎರಡೂ 1951ರವರೆಗೆ ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆಯ ಊರುಗಳು. ನಿಮ್ಮ ಅಜ್ಜ ರೈಲ್ವೆ ಕೆಲಸಕ್ಕೇ ಬಂದಿದ್ದಿರಬಹುದು. ಹಾಗಿದ್ದರೂ ಅಪ್ಪನ ಮಾತು ಬಿದ್ದುಹೋಗುವುದಿಲ್ಲ. ಎರಡನೇ ಮಹಾಯುದ್ಧದಲ್ಲಿ ರೈಲ್ವೆ ನೌಕರರನ್ನು ಸೇರಿಸಿಕೊಂಡು ಸೇನೆಯಲ್ಲಿ ರೈಲ್ವೆ ತುಕಡಿಗಳನ್ನೇ ಕಟ್ಟಿದ್ದರು. ಒಬ್ಬರೇ ಮನುಷ್ಯ ರೈಲ್ವೆಯವರೂ ಸೈನಿಕರೂ ಆಗಿರುವುದು ಸಾಧ್ಯವಿತ್ತು. 1942ರ ಏಪ್ರಿಲ್ 6ರಂದು ನಿಮ್ಮ ವಿಶಾಖಪಟ್ಟಣದ ಮೇಲೇ ಜಪಾನಿನ ಬಾಂಬು ಬಿದ್ದಿತ್ತು. ಆ ಕಾಲದಲ್ಲಿ ರೈಲು ಓಡಿಸುತ್ತಿದ್ದವರದೂ ಯುದ್ಧದ ಕೆಲಸವೇ ಎಂದು ನಾನು ನಂಬುತ್ತೇನೆ.

ಇನ್ನು ಫೋಟೋ. ಒರೆಸಬೇಡಿ, ಅಂಟಿಸಿದ್ದರೆ ಕೀಳಬೇಡಿ. ಚೆನ್ನಾಗಿ ಸ್ಕ್ಯಾನ್ ಮಾಡಿಸಿ ದೊಡ್ಡದು ಮಾಡಿ ನೋಡಿ. ಬಟ್ಟೆಯ ಬಣ್ಣದಿಂದ ಏನೂ ತಿಳಿಯದು. ಕಪ್ಪು ಬಿಳುಪಿನಲ್ಲಿ ಖಾಕಿ, ಹಸಿರು ಎರಡೂ ಒಂದೇ, ಪೊಲೀಸರಿಗೂ ಖಾಕಿಯೇ ಇತ್ತು. ಕಣ್ಣಿಡಬೇಕಾದದ್ದು ಟೋಪಿಯ ಬಿಲ್ಲೆ ಮತ್ತು ಭುಜದ ಹಿತ್ತಾಳೆ ಅಕ್ಷರಗಳ ಮೇಲೆ. ಪಡೆಯ ಹೆಸರು ಇರುವುದು ಅಲ್ಲೇ. ಸೇನೆಯ ಬಿಲ್ಲೆಯಲ್ಲಿ ಕಿರೀಟವಿದ್ದರೆ ಅದು ಗಣರಾಜ್ಯಕ್ಕೆ ಮುಂಚಿನದು, 1950ರ ನಂತರ ಆ ಜಾಗಕ್ಕೆ ಅಶೋಕನ ಸಿಂಹಗಳು ಬಂದವು. ಗಂಡಭೇರುಂಡ ಕಂಡರೆ ಮೈಸೂರು ಸಂಸ್ಥಾನದ ಕಡೆಗೆ ಯೋಚಿಸಿ. ತೋಳಿನ ಮೇಲೆ ಮೂರು ಪಟ್ಟಿ ಇದ್ದರೆ ಸೇನೆಯಲ್ಲಿ ಹವಾಲ್ದಾರ್, ಆದರೆ ಪೊಲೀಸರಿಗೂ ಪಟ್ಟಿಗಳಿರುವುದರಿಂದ ಅದೊಂದನ್ನೇ ನಂಬಬೇಡಿ. ಫೋಟೋದ ಹಿಂದೆ ಸ್ಟುಡಿಯೋ ಮುದ್ರೆ ಇದೆಯೇ ನೋಡಿ. ಟ್ರಂಕಿನಲ್ಲಿ ಪದಕವಿದ್ದರೆ ಅದರ ಅಂಚು, ಹಿಂಬದಿ ಎರಡನ್ನೂ ನೋಡಿ. ಸೈನಿಕನ ನಂಬರು, ಹೆಸರು ಕೆತ್ತಿರುವುದುಂಟು. ಅಂಥ ನಂಬರು ಅಥವಾ ಪೆನ್ಷನ್ ಕಾಗದ ಸಿಕ್ಕರೆ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ವಿಚಾರಿಸಿ.

ಚಿಕ್ಕಪ್ಪನ ಮಗನ ಜೊತೆ ಗ್ರೂಪಿನಲ್ಲಿ ವಾದಕ್ಕಿಳಿಯಬೇಡಿ. ನೋಯಿಸಲೆಂದೇ ಬರೆದಿರಲಾರರು, ಅವರಿಗೂ ಆತ ಅಜ್ಜನೇ. ಫೋನ್ ಮಾಡಿ, 'ನೀನೂ ಜೊತೆಗೆ ಹುಡುಕು' ಎನ್ನಿ.

ನಿದ್ದೆಯಿಲ್ಲದ ರಾತ್ರಿಗಳು ಹೀಗೇ ಮುಂದುವರಿದರೆ ತಡಮಾಡದೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಕರೆ ಮಾಡಿ. ನಂಬರು 14416, ಹಣ ಕೊಡಬೇಕಿಲ್ಲ, ಹಗಲು ರಾತ್ರಿ ಸಿಗುತ್ತಾರೆ, ಕನ್ನಡದಲ್ಲೂ ತೆಲುಗಿನಲ್ಲೂ ಮಾತಾಡಬಹುದು.

ನಿಮ್ಮ ತಾಯಿ ಇದ್ದರೆ, ಇದೆಲ್ಲಕ್ಕೂ ಮೊದಲು ಆ ಫೋಟೋ ಅವರ ಕೈಗೆ ಕೊಡಿ. ಮಾವನವರ ಬಗ್ಗೆ ಮಗನಿಗೆ ಗೊತ್ತಿಲ್ಲದ ಎಷ್ಟೋ ಸಂಗತಿ ಸೊಸೆಗೆ ಗೊತ್ತಿರುತ್ತದೆ. ಅವರು ಹೇಳಿದ್ದನ್ನು ತಿದ್ದದೆ, ತಡೆಯದೆ ಬರೆದಿಟ್ಟುಕೊಳ್ಳಿ.